ಸಾಕ್ಷಿಗೂ ಅರಸನಿಗೂ ನಡುವೆ

ನೀರು ಎಷ್ಟು ಬಿಸಿಯಾಗಿದೆಯೆಂಬುದನ್ನು ತಿಳಿಯಲು ಹಿಂದಿನವರಿಗೆ ಯಾವ ಉಪಕರಣವೂ ಬೇಕಾಗಿರಲಿಲ್ಲ. ಹಂಡೆಯ ನೀರಿಗೆ ಬೆರಳ ತುದಿಯನ್ನು ಅದ್ದಿ ತೆಗೆದರೆ ಸಾಕು, ಎಣ್ಣೆಸ್ನಾನಕ್ಕೆ ಹದವಾಗಿದೆಯೋ, ಒಲೆಗೆ ಇನ್ನೊಂದು ಕೊಳ್ಳಿಯನ್ನು ಒಟ್ಟಬೇಕೋ ತಿಳಿದುಹೋಗುತ್ತಿತ್ತು. ಹಸುಗೂಸಿಗೆ ನೀರೆರೆಯುವ ಅಜ್ಜಿಯರು ಮಾತ್ರ ಬೆರಳನ್ನು ನಂಬುತ್ತಿರಲಿಲ್ಲ. ಮೊಣಕೈಯನ್ನು ಅದ್ದಿ ನೋಡುತ್ತಿದ್ದರು. ಒಲೆಯ ಮುಂದೆ ದುಡಿದು ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳಬಹುದು, ಮೊಣಕೈ ಹೇಳಲಾರದು ಎಂಬುದು ಅವರ ಅನುಭವ. ಚೌಳುಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಗೆ ಏರಿಸುತ್ತಿದ್ದ ಮಡಿವಾಳನಿಗಂತೂ ಬೆರಳೂ ಬೇಡ, ಮೊಣಕೈಯೂ ಬೇಡ. ಆವಿಯ ವಾಸನೆಯೇ ಹದವನ್ನು ಹೇಳುತ್ತಿತ್ತು.

ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದಮೇಲೆ ಈ ಬೆರಳು ಮೊಣಕೈಗಳ ಅಧಿಕಾರ ತಪ್ಪಿತು. ಮುಂಭಾಗದಲ್ಲಿ ಗಾಜಿನ ಕದವಿರುವ ಯಂತ್ರವನ್ನು ಒಮ್ಮೆ ಮುಚ್ಚಿದರೆ ಅದು ತಾನೇ ಚಿಲಕ ಹಾಕಿಕೊಳ್ಳುತ್ತದೆ. ಯಾರ ಕೈಗೂ ಒಳಗೆ ಪ್ರವೇಶವಿಲ್ಲ. ಕೈಯ ಬದಲಿಗೆ ಒಳಗಿರುವುದು ಕಿರುಬೆರಳಿನ ಗಾತ್ರದ ಒಂದು ಲೋಹದ ಮೊಳೆ. ತೊಟ್ಟಿಯ ಅಡಿಯಲ್ಲಿ, ನೀರನ್ನು ಕಾಯಿಸುವ ಸುರುಳಿಯ ಪಕ್ಕದಲ್ಲಿಯೇ, ಅದನ್ನು ತೂರಿಸಿರುತ್ತಾರೆ. ಅದರ ಹೊಟ್ಟೆಯಲ್ಲಿ ಮ್ಯಾಂಗನೀಸ್, ನಿಕ್ಕಲ್ ಮೊದಲಾದವುಗಳ ಆಕ್ಸೈಡುಗಳನ್ನು ಬೆರಸಿ ಬೇಯಿಸಿದ ಒಂದು ಮಣಿ. ಥರ್ಮಿಸ್ಟರ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ; ಸೆನ್ಸರ್ ಎಂಬುದು ಮೆಕ್ಯಾನಿಕ್‌ಗಳ ಬಾಯಲ್ಲಿ ಅದರ ಹೆಸರು.

ಈ ಮಣಿಯ ಸ್ವಭಾವ ವಿಚಿತ್ರವಾದುದು. ತಾಮ್ರ ಕಬ್ಬಿಣಗಳಂಥ ಲೋಹಗಳು ಕಾದಷ್ಟೂ ವಿದ್ಯುತ್ತಿನ ಹರಿವಿಗೆ ಹೆಚ್ಚು ಅಡ್ಡಿ ಮಾಡುತ್ತವೆ. ಈ ಮಣಿಯಾದರೋ ಕಾದಷ್ಟೂ ದಾರಿ ಬಿಡುತ್ತದೆ. ಇಂಥ ವಿಪರೀತ ನಡತೆಯನ್ನು ಮೈಕೆಲ್ ಫ್ಯಾರಡೆ 1833ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದನು. ಅದು ಮಾರುಕಟ್ಟೆಗೆ ಬರುವಂಥ ವಸ್ತುವಾಗಲು ಸುಮಾರು ನೂರು ವರ್ಷ ಹಿಡಿಯಿತು. ಅಮೆರಿಕದ ಸ್ಯಾಮುಯೆಲ್ ರೂಬೆನ್ ಎಂಬಾತ 1930ರಲ್ಲಿ ಥರ್ಮಿಸ್ಟರನ್ನು ರೂಪಿಸಿದನು. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಮಣಿಯನ್ನು ತೆಗೆದುಕೊಂಡರೆ, 25 ಡಿಗ್ರಿ ಉಷ್ಣತೆಯಲ್ಲಿ ಅದರ ಪ್ರತಿರೋಧ 10,000 ಓಮ್. 40 ಡಿಗ್ರಿಯಲ್ಲಿ ಸುಮಾರು 5,300. 60 ಡಿಗ್ರಿಯಲ್ಲಿ ಸುಮಾರು 2,500. ಈ ಅಂಕಿಗಳನ್ನು ವಾಚಕರು ಕ್ಷಣಕಾಲ ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಮಣಿ ಹೇಳಿದ ಸುದ್ದಿಯನ್ನು ಕೇಳಿ ಅಪ್ಪಣೆ ಕೊಡಿಸುವುದು ಯಂತ್ರದ ಬೋರ್ಡು. ಅದು ಅಂತಃಪುರದಲ್ಲಿರುವ ಅರಸನಂತೆ. ಹೊರಗೆ ಬಿಸಿಲೋ ಮಳೆಯೋ ಅದಕ್ಕೆ ಕಾಣದು. ಎರಡು ತೆಳುತಂತಿಗಳ ಮೂಲಕ ಬಂದ ವರದಿಯೇ ಅದರ ಪಾಲಿಗೆ ಲೋಕ. ಈ ಉಪಮೆಗೆ ನಂಜನಗೂಡು ತಾಲ್ಲೂಕಿನ ಕಳಲೆಗಿಂತ ತಕ್ಕ ಊರು ದೊರೆಯಲಾರದು. ಇಮ್ಮಡಿ ಕೃಷ್ಣರಾಜ ಒಡೆಯರು 1734ರಿಂದ 1766ರವರೆಗೆ ಸಿಂಹಾಸನದ ಮೇಲಿದ್ದರು. ಆದರೆ ಆ ಅವಧಿಯ ಬಹುಭಾಗದಲ್ಲಿ ಆಡಳಿತದ ಲಗಾಮು ಇದ್ದುದು ಇದೇ ಕಳಲೆ ಮನೆತನದ ದಳವಾಯಿ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಇವರ ಕೈಯಲ್ಲಿ. ರಾಜ್ಯದಲ್ಲಿ ಏನಾದರೂ ಕೆಟ್ಟರೆ ಅದು ಅರಸನ ತಪ್ಪೋ, ವರದಿ ಕೊಟ್ಟವನ ತಪ್ಪೋ, ನಡುವೆ ಓಲೆ ಹೊತ್ತು ಬಂದವನ ತಪ್ಪೋ ಎಂದು ವಿಚಾರಿಸುವಷ್ಟು ತಾಳ್ಮೆ ಪ್ರಜೆಗಳಿಗೆ ಯಾವ ಕಾಲದಲ್ಲಿಯೂ ಇದ್ದಂತೆ ಕಾಣದು.

ಆ ಕಳಲೆಯಲ್ಲಿ, ಲಕ್ಷ್ಮೀಕಾಂತಸ್ವಾಮಿಯ ದೇವಾಲಯದಿಂದ ಬಹಳ ದೂರವಿಲ್ಲದ ಒಂದು ಮನೆ. ಯಜಮಾನರು ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು, ಊರಿಗೆಲ್ಲ ಮೇಷ್ಟರು. ಅವರ ತಾಯಿಗೆ 86 ವರ್ಷ; ಸೊಂಟ ಮುರಿದು ಹಾಸಿಗೆ ಹಿಡಿದು ಎರಡು ವರ್ಷ ಕಳೆದಿದ್ದವು. ಅಂಥ ಮನೆಯಲ್ಲಿ ದಿನಕ್ಕೆ ಎಷ್ಟು ಹೊದಿಕೆ, ಎಷ್ಟು ಹಾಸು ಒಗೆಯಬೇಕಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ಚರ್ಮದ ಹುಣ್ಣಿಗೆ ಸೋಂಕು ತಗಲಬಾರದು, ಹಾಸುಬಟ್ಟೆಯನ್ನು ಚೆನ್ನಾಗಿ ಬಿಸಿನೀರಿನಲ್ಲಿಯೇ ಒಗೆಯಬೇಕು ಎಂದು ವೈದ್ಯರು ಹೇಳಿದ್ದರು. ಮೊದಲ ಆರು ತಿಂಗಳು ಸೊಸೆ ಹಂಡೆಯಿಂದ ನೀರು ಹೊತ್ತು ಹಿತ್ತಲ ಕಲ್ಲಿನ ಮೇಲೆ ಕುಕ್ಕಿ ಒಗೆದರು. ಆಕೆಗೂ ಅರುವತ್ತು ದಾಟಿತ್ತು, ಮೊಣಕಾಲು ಊದಿಕೊಂಡಿತು. ಆಮೇಲೆ ಯಂತ್ರ ಬಂದಿತು.

ಯಂತ್ರ ಒಂದು ವರ್ಷ ವಿನಯದಿಂದ ನಡೆಯಿತು. ಅನಂತರ ಒಂದು ದಿನ ಆ ಗೃಹಿಣಿ, ‘ಈ ಕದದ ಗಾಜು ಕೈಯಿಡಲಾಗದಷ್ಟು ಸುಡುತ್ತಿದೆ’ ಎಂದರು. ಬಿಸಿನೀರಿನ ಯಂತ್ರ ಬಿಸಿಯಾಗದೆ ತಣ್ಣಗಿರುತ್ತದೆಯೇ ಎಂದು ಮೇಷ್ಟರು ಪತ್ರಿಕೆಯಿಂದ ತಲೆಯೆತ್ತದೆ ಉತ್ತರ ಕೊಟ್ಟರು. ಇನ್ನೊಂದು ದಿನ ಸಾಬೂನುಪುಡಿ ಹಾಕುವ ಡ್ರಾಯರಿನಿಂದ ಇಡ್ಲಿಯ ಪಾತ್ರೆಯಿಂದ ಬಂದಂತೆ ಆವಿ ಬಂದಿತು. ಮತ್ತೊಂದು ದಿನ, 40 ಡಿಗ್ರಿಗೆ ಇಟ್ಟಿದ್ದ ಒಗೆತದಲ್ಲಿ ಅತ್ತೆಯ ನೀಲಿಯಂಚಿನ ಹತ್ತಿ ಸೀರೆ ಬಣ್ಣ ಬಿಟ್ಟಿತು. ಬಟ್ಟೆಯನ್ನು ಹೊರತೆಗೆದಾಗಲೇನೋ ಅದು ತಣ್ಣಗೇ ಇರುತ್ತಿತ್ತು. ಕೊನೆಯ ಜಾಲಾಟಕ್ಕೆ ನಲ್ಲಿಯ ತಣ್ಣೀರೇ ಬರುವುದರಿಂದ ಸುಟ್ಟದ್ದರ ಕುರುಹು ಅಳಿಸಿಹೋಗುತ್ತಿತ್ತು. ಆದುದರಿಂದ ಆಕೆಯ ದೂರು ಮನೆಯಲ್ಲಿ ದಾಖಲಾಗಲಿಲ್ಲ. ಹೆಂಗಸರು ಅಡುಗೆಮನೆಯಿಂದ ಹೇಳಿದ ವೈಜ್ಞಾನಿಕ ಸತ್ಯಗಳಲ್ಲಿ ಎಷ್ಟು ಹೀಗೆಯೇ ದಾಖಲಾಗದೆ ಹೋಗಿವೆಯೋ!

ಮೂರು ವಾರದ ಮೇಲೆ ಯಂತ್ರ ನೀರು ತುಂಬಿಕೊಂಡು ಎರಡು ಸುತ್ತು ತಿರುಗಿ ನಿಂತಿತು. ಅದರ ಹಣೆಯ ಮೇಲೆ ಒಂದು ಅಕ್ಷರ ಒಂದು ಅಂಕಿ ಮೂಡಿದವು. ಒಂದೊಂದು ತಯಾರಕರು ಒಂದೊಂದು ಸಂಕೇತವನ್ನು ಇಟ್ಟುಕೊಂಡಿರುತ್ತಾರೆ. ಇಲ್ಲಿ ಅದರ ಅರ್ಥ, ಉಷ್ಣತೆಯ ಸೆನ್ಸರಿನಿಂದ ನಂಬತಕ್ಕ ಸುದ್ದಿ ಬರುತ್ತಿಲ್ಲ ಎಂದು. ಯಂತ್ರ ಬಂದ ಮೊದಲ ದಿನ ಪೂಜೆ ಮಾಡಿ ಒಳಗಿಟ್ಟಿದ್ದ ಕೈಪಿಡಿಯನ್ನು ಮೇಷ್ಟರು ಹುಡುಕಿ ತೆಗೆದು ಇದನ್ನು ಓದಿಕೊಂಡರು.

ಮೈಸೂರಿನಿಂದ ಮೆಕ್ಯಾನಿಕ್ ಬಂದನು. ಸಂಕೇತ ಸೆನ್ಸರ್ ಎನ್ನುತ್ತದೆ. ಆದುದರಿಂದ ಹಳೆಯ ಸೆನ್ಸರನ್ನು ಕಿತ್ತು ಹೊಸದನ್ನು ತೂರಿಸಿದನು. ಸಂಕೇತ ಹೋಗಲಿಲ್ಲ. ಸೆನ್ಸರ್ ಹೊಸದು, ಆದರೂ ದೋಷ ಇದೆ. ಎಂದಮೇಲೆ ಕೆಟ್ಟಿರುವುದು ಬೋರ್ಡು ಎಂದು ತೀರ್ಪಿತ್ತನು. ಹೊಸ ಬೋರ್ಡಿಗೂ ಕೂಲಿಗೂ ಸೇರಿ 9,500 ರೂಪಾಯಿ. ಅದು ತರಿಸುವ ವಸ್ತು, ಹತ್ತು ದಿನ ಕಾಯಬೇಕು. ಅವನನ್ನು ಮೋಸಗಾರನೆನ್ನುವುದು ಅನ್ಯಾಯ. ದಿನಕ್ಕೆ ಏಳೆಂಟು ಮನೆ ಸುತ್ತಬೇಕಾದವನಿಗೆ ಕಿತ್ತು ಹಾಕಿ ನೋಡುವುದೇ ಪರೀಕ್ಷೆಯಾಗಿಬಿಡುತ್ತದೆ. ಅವನ ತರ್ಕದಲ್ಲಿ ಕಾಣುವ ಬಿರುಕು ಒಂದೇ: ಸಾಕ್ಷಿಯನ್ನು ಬದಲಾಯಿಸಿದ, ಅರಸನನ್ನು ಬದಲಾಯಿಸಲು ಹೊರಟ, ನಡುವಿನ ದಾರಿಯನ್ನು ನೋಡಲಿಲ್ಲ.

ಹಣದ ಮಾತು ಹಾಗಿರಲಿ, ಪಿಂಚಣಿಯಲ್ಲಿ ಹೇಗೋ ಹೊಂದಿಸಬಹುದಾಗಿತ್ತು. ಹತ್ತು ದಿನದ ಮಾತೇ ಕಷ್ಟವಾದುದು. ಮತ್ತೆ ಹಂಡೆ, ಮತ್ತೆ ಕಲ್ಲು. ಸೊಸೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಕಲ್ಲಿನಿಂದ ಏಳುವಾಗ ಆಕೆ ಗೋಡೆ ಹಿಡಿದುಕೊಳ್ಳುವ ಸದ್ದು, ಹಿತ್ತಲ ಕಡೆಯ ಕಿಟಕಿಯ ಬಳಿ ಮಲಗಿರುವವರಿಗೆ ಕೇಳಿಸುತ್ತಿತ್ತು. ಮೂರನೆಯ ದಿನದಿಂದ ಮುದುಕಿ ಸಂಜೆಯ ಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದರು. ಬಾಯಾರಿಕೆಯಿಲ್ಲ ಎಂದರು. ಐದನೆಯ ದಿನ ಮಾತ್ರೆಯನ್ನೂ ಒಣಬಾಯಲ್ಲಿಯೇ ನುಂಗಲು ಹೋಗಿ ಕೆಮ್ಮಿದಾಗ ಮೇಷ್ಟರಿಗೆ ವಿಷಯ ಹೊಳೆಯಿತು.

ಆ ಸಂಜೆಯೇ ಅವರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿಕಳುಹಿಸಿದರು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ದುರಸ್ತಿಯ ಕೆಲಸದಲ್ಲಿದ್ದ ತರುಣ. ಚರಿತ್ರೆಯಲ್ಲಿ ಎರಡು ಬಾರಿ ನಪಾಸಾಗಿದ್ದವನು ಎಂಬುದನ್ನು ಇಬ್ಬರೂ ಮರೆತಂತೆ ನಟಿಸಿದರು.

ತರುಣ ಯಂತ್ರವನ್ನು ಮುಟ್ಟುವ ಮೊದಲು ಗೃಹಿಣಿಯನ್ನು ಕರೆದು ಕೂರಿಸಿ, ‘ನಿಲ್ಲುವುದಕ್ಕೆ ಮೊದಲು ಏನೇನು ಕಂಡಿತು?’ ಎಂದು ಕೇಳಿದನು. ಗಾಜು ಸುಟ್ಟದ್ದು, ಆವಿ ಬಂದದ್ದು, ಸೀರೆ ಬಣ್ಣ ಬಿಟ್ಟದ್ದು ಎಲ್ಲವೂ ಹೊರಬಂದವು. ಅವನು ಅದನ್ನು ಬೀಡಿಪಟ್ಟಣದಷ್ಟು ಸಣ್ಣ ಕಾಗದದಲ್ಲಿ ಬರೆದುಕೊಂಡನು. ಒಂದೇ ಸಲಕ್ಕೆ ಸತ್ತ ದೋಷವಲ್ಲ, ಮೂರು ವಾರ ನರಳಿ ಸತ್ತದ್ದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ನರಳುವ ದೋಷಗಳಿಗೆ ಸಾಮಾನ್ಯವಾಗಿ ಕೀಲುಗಳೇ ಮನೆ.

ಮೊದಲು ಗೋಡೆಯಿಂದ ಪ್ಲಗ್ಗನ್ನು ಕಿತ್ತು ತನ್ನ ಜೇಬಿನ ಕರವಸ್ತ್ರವನ್ನು ಅದಕ್ಕೆ ಕಟ್ಟಿದನು. ಯಾರೂ ಮರೆತು ಸಿಕ್ಕಿಸಬಾರದೆಂದು. ಬೆನ್ನಿನ ತಗಡನ್ನು ಬಿಚ್ಚಿದಾಗ ತೊಟ್ಟಿಯ ಅಡಿಯಲ್ಲಿ ಎರಡು ದಪ್ಪ ತಂತಿ, ಎರಡು ತೆಳು ತಂತಿ ಕಂಡವು. ದಪ್ಪದವು ನೀರು ಕಾಯಿಸುವ ಸುರುಳಿಗೆ, ತೆಳುವಾದವು ಸೆನ್ಸರಿಗೆ. ದಪ್ಪ ತಂತಿಗಳನ್ನು ಬಿಡಿಸಿ ಸುರುಳಿಗೆ ಮೀಟರ್ ಹಿಡಿದನು: 26 ಓಮ್. 230 ವೋಲ್ಟಿನಲ್ಲಿ 2,000 ವ್ಯಾಟ್ ಉರಿಯುವ ಸುರುಳಿಗೆ ಇದೇ ತಕ್ಕ ಅಂಕಿ. ಸುರುಳಿಗೂ ಯಂತ್ರದ ಮೈಗೂ ನಡುವೆ ಸೋರಿಕೆಯಿಲ್ಲವೆಂಬುದನ್ನೂ ನೋಡಿಕೊಂಡನು. ಸುರುಳಿ ನಿರಪರಾಧಿ.

ಆಮೇಲೆ ಸೆನ್ಸರ್. ತೆಳುತಂತಿಯ ಕೊಂಡಿಯನ್ನು ಕಳಚಿ ಅದರ ಕಡ್ಡಿಗಳಿಗೇ ಮೀಟರ್ ಹಿಡಿದಾಗ 8,800 ಓಮ್ ತೋರಿಸಿತು. ಕೋಣೆಯ ಉಷ್ಣತೆ 28 ಡಿಗ್ರಿ. ಸರಿಯಾದ ಮಾತನ್ನೇ ಆಡುತ್ತಿದೆ. ಇದು ಹೊಸ ಸೆನ್ಸರ್. ಮೆಕ್ಯಾನಿಕ್ ಕಿತ್ತಿಟ್ಟು ಹೋಗಿದ್ದ ಹಳೆಯದನ್ನೂ ತರಿಸಿದನು, ಅದೂ 8,800. ಇಬ್ಬರು ಸಾಕ್ಷಿಗಳೂ ಒಂದೇ ಮಾತು. ಆದರೆ ತಣ್ಣಗಿರುವಾಗ ನಿಜ ಹೇಳಿ ಬಿಸಿಯಾದಾಗ ತಡವರಿಸುವ ಸೆನ್ಸರುಗಳುಂಟು. ಅದಕ್ಕಾಗಿ ಒಂದು ಲೋಟ ಬಿಸಿನೀರು ಬಂದಿತು, ಮುದುಕಿಯ ಜ್ವರ ನೋಡುವ ಥರ್ಮಾಮೀಟರ್ ಬಂದಿತು. ನೀರನ್ನು ಬೆರಸಿ 40 ಡಿಗ್ರಿಗೆ ಹದ ಮಾಡಿದವರು ಗೃಹಿಣಿ. ಬೆರಳಿನಿಂದ ಒಮ್ಮೆ, ಥರ್ಮಾಮೀಟರಿನಿಂದ ಒಮ್ಮೆ ನೋಡಿದರು, ಎರಡಕ್ಕೂ ಜಗಳವಾಗಲಿಲ್ಲ. ಹಳೆಯ ಸೆನ್ಸರನ್ನು ಅದ್ದಿದರು. ಅಂಕಿ ಮೆಟ್ಟಿಲಿಳಿದಂತೆ ಇಳಿದು 5,300ರ ಬಳಿ ನಿಂತಿತು. ಕಿತ್ತೆಸೆದ ಸಾಕ್ಷಿ ಸತ್ಯವನ್ನೇ ಹೇಳುತ್ತಿದ್ದನೆಂದಾಯಿತು.

ಇನ್ನು ಅರಸನ ಸರದಿ. ತರುಣನ ಚೀಲದಲ್ಲಿ 10,000 ಓಮಿನ ಒಂದು ಪ್ರತಿರೋಧಕವಿತ್ತು. ಕೊತ್ತಂಬರಿ ಕಾಳಿಗೆ ಎರಡು ಮೀಸೆ ಅಂಟಿಸಿದಂಥ ವಸ್ತು, ಒಂದೆರಡು ರೂಪಾಯಿಯದು. ಬೋರ್ಡಿನ ಕಡೆಯ ಕೊಂಡಿಯಲ್ಲಿ ಸೆನ್ಸರಿನ ತಂತಿಗಳಿಗೆ ಬದಲು ಅದನ್ನು ಸಿಕ್ಕಿಸಿ, ತಗಡನ್ನು ಮುಚ್ಚಿ, ತಣ್ಣೀರಿನ ಒಗೆತಕ್ಕೆ ತಿರುಗಿಸಿದನು. ‘ನೀರು 25 ಡಿಗ್ರಿ ಇದೆ’ ಎಂದು ಅದು ಗಿಳಿಪಾಠ ಒಪ್ಪಿಸಿತು. ಬೋರ್ಡು ನಂಬಿತು; ಸಂಕೇತ ಮಾಯವಾಯಿತು; ಯಂತ್ರ ತಿರುಗಿತು. 9,500 ರೂಪಾಯಿಯ ಬೋರ್ಡು ಆರೋಗ್ಯವಾಗಿತ್ತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ಗಿಳಿಪಾಠವನ್ನು ಬಿಸಿನೀರಿನ ಒಗೆತದಲ್ಲಿ ಎಂದಿಗೂ ನಡೆಸಕೂಡದು. ನೀರು ಕುದಿಯುತ್ತಿದ್ದರೂ ಪ್ರತಿರೋಧಕ 25 ಡಿಗ್ರಿ ಎಂದೇ ಹೇಳುತ್ತಿರುತ್ತದೆ. ಬೋರ್ಡು ಕಾಯಿಸುತ್ತಲೇ ಹೋಗುತ್ತದೆ. ಈ ಕೆಲಸ ಅರಿತವರಿಗೆ, ಅದೂ ತಣ್ಣೀರಿನಲ್ಲಿ, ಕೆಲವು ನಿಮಿಷದ ಪರೀಕ್ಷೆಗೆ ಮಾತ್ರ.

ಉಳಿದದ್ದು ದಾರಿ. ಪ್ಲಗ್ಗನ್ನು ಮತ್ತೆ ಕಿತ್ತು ಪ್ರತಿರೋಧಕವನ್ನು ತೆಗೆದು, ಸೆನ್ಸರನ್ನು ತಂತಿಗೆ ಸೇರಿಸಿ, ತಂತಿಯ ಆ ತುದಿಯಲ್ಲಿ, ಎಂದರೆ ಬೋರ್ಡಿನ ಬಾಗಿಲಲ್ಲಿ ಮೀಟರ್ ಹಿಡಿದನು. ಏನೂ ಇಲ್ಲ, ಅನಂತ. ತಂತಿಯನ್ನು ಸ್ವಲ್ಪ ಅಲುಗಿಸಿದಾಗ 14,000 ಎಂದಿತು, ಮತ್ತೆ 11,000 ಎಂದಿತು, ಮತ್ತೆ ಮೌನ. ಸೆನ್ಸರಿನ ಬಳಿಯ ಕೊಂಡಿಯನ್ನು ಬಿಚ್ಚಿ ಟಾರ್ಚಿನ ಬೆಳಕಿಗೆ ಹಿಡಿದಾಗ ಎಲ್ಲರಿಗೂ ಕಂಡಿತು: ಹಿತ್ತಾಳೆಯ ಪುಟ್ಟ ನಾಲಗೆಯ ಮೇಲೆ ಹಸಿರು ಕಿಲುಬು.

‘ಇಷ್ಟೇನಾ! ಹುಣಸೆಹುಳಿ ತರಲೇ?’ ಎಂದರು ಗೃಹಿಣಿ. ತರುಣ ನಕ್ಕನು. ಪಾತ್ರೆಗೆ ಹುಣಸೆಹುಳಿ ಸರಿ, ಏಕೆಂದರೆ ಅದನ್ನು ಉಜ್ಜಿ ತೊಳೆದುಬಿಡುತ್ತಾರೆ. ಕೊಂಡಿಯ ಸಂದಿಯಲ್ಲಿ ಹುಳಿ ಉಳಿದರೆ ಆರು ತಿಂಗಳಿಗೆ ಮತ್ತೆ ಕಿಲುಬು. ತಿಂದುಹೋದ ತುದಿಯನ್ನು ಕತ್ತರಿಸಿ ಹೊಸ ನಾಲಗೆಯನ್ನು ಇಕ್ಕಳದಿಂದ ಒತ್ತಿ ಕೂರಿಸಿದನು.

ಆ ಕಿಲುಬು ಮೂರು ವಾರ ಮಾಡಿದ ಕೆಲಸವನ್ನು ಅವನು ಮೇಷ್ಟರಿಗೆ ಲೆಕ್ಕ ಹಾಕಿ ತೋರಿಸಿದನು. ಲೆಕ್ಕ ರುಚಿಯಾದುದು. ಕಿಲುಬಿನಿಂದ ದಾರಿಯಲ್ಲಿ 2,800 ಓಮಿನಷ್ಟು ಹೆಚ್ಚುವರಿ ಅಡ್ಡಿ ಬಂದಿತ್ತೆಂದು ಇಟ್ಟುಕೊಳ್ಳೋಣ. ನಲ್ಲಿಯ ನೀರು 25 ಡಿಗ್ರಿ ಇರುವಾಗ ಸೆನ್ಸರ್ 10,000 ಎನ್ನುತ್ತದೆ, ಬೋರ್ಡಿಗೆ ಕೇಳಿಸುವುದು 12,800. ನೀರು 20 ಡಿಗ್ರಿಗೆ ಹತ್ತಿರದಲ್ಲಿದೆ ಎಂದು ಅದು ತಿಳಿಯುತ್ತದೆ. ಐದಾರು ಡಿಗ್ರಿಯ ತಪ್ಪನ್ನು ಯಾರು ಗಮನಿಸಿಯಾರು? ಈಗ 40 ಡಿಗ್ರಿಯ ಒಗೆತ. ಬೋರ್ಡು 5,300 ಎಂಬ ಅಂಕಿಗಾಗಿ ಕಾದಿದೆ. ಕಿಲುಬಿನ 2,800ನ್ನು ಕಳೆದರೆ ಸೆನ್ಸರ್ 2,500ಕ್ಕೆ ಇಳಿಯಬೇಕು. ಅದು ಇಳಿಯುವುದು ನೀರು 60 ಡಿಗ್ರಿಯಾದಾಗ! ಸೀರೆ ಬಣ್ಣ ಬಿಟ್ಟದ್ದು ಅದಕ್ಕೆ. ಇನ್ನು ಹಾಸುಬಟ್ಟೆಯ 60 ಡಿಗ್ರಿಯ ಒಗೆತದಲ್ಲಿ ಬೋರ್ಡು 2,500ಕ್ಕಾಗಿ ಕಾಯುತ್ತದೆ. ಕಿಲುಬೊಂದೇ 2,800 ಇರುವಾಗ ಆ ಅಂಕಿ ಎಂದಿಗೂ ಬಾರದು. ಸುರುಳಿ ಉರಿಯುತ್ತಲೇ ಇರುತ್ತದೆ, ಯಂತ್ರಕ್ಕೆ ವಿಧಿಸಿದ ಕಾಲದ ಮಿತಿ ಮುಗಿಯುವವರೆಗೆ. ಇಡ್ಲಿಯ ಪಾತ್ರೆಯ ಆವಿ ಅದು. ಕಡೆಗೆ ಕಿಲುಬು ಬೆಳೆದು ದಾರಿ ಪೂರ್ತಿ ಮುಚ್ಚಿದಾಗ, ಮಂಜುಗಡ್ಡೆಗಿಂತಲೂ ತಣ್ಣಗಿದೆ ಎಂಬಂಥ ಸುದ್ದಿ ಬಂದಿತು. ಬೋರ್ಡು ಅದನ್ನು ನಂಬದೆ ಯಂತ್ರವನ್ನು ನಿಲ್ಲಿಸಿತು. ಮನೆಯವರು ಕೆಟ್ಟಿತೆಂದು ಗೋಳಾಡಿದ ದಿನವೇ ಯಂತ್ರ ಬುದ್ಧಿವಂತಿಕೆಯಿಂದ ನಡೆದುಕೊಂಡ ಮೊದಲ ದಿನ. ಅಪಾಯವಿದ್ದುದು ಅದು ‘ಚೆನ್ನಾಗಿ’ ನಡೆಯುತ್ತಿದ್ದ ಮೂರು ವಾರಗಳಲ್ಲಿ.

ಹಳೆಯ ಕೊಂಡಿಯಲ್ಲಿಯೇ ಹೊಸ ಸೆನ್ಸರನ್ನು ಸಿಕ್ಕಿಸಿದ ಮೆಕ್ಯಾನಿಕ್‌ಗೆ ಗುಣ ಕಾಣದಿದ್ದುದೂ ಇದರಿಂದಲೇ ತಿಳಿಯುತ್ತದೆ. ಹೊಸ ಬೋರ್ಡು ಬಂದಿದ್ದರೂ ಅದೇ ಸಂಕೇತ ಮೂಡುತ್ತಿತ್ತು.

ಕಿಲುಬು ಸುಮ್ಮನೆ ಹುಟ್ಟುವುದಿಲ್ಲ. ತರುಣ ಅಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಕೆಲಸವಾಗುತ್ತಿತ್ತು. ಟಾರ್ಚನ್ನು ಮೇಲಕ್ಕೆ ಹಿಡಿದಾಗ ಸಾಬೂನುಪುಡಿಯ ಡ್ರಾಯರಿನಿಂದ ಇಳಿಯುವ ರಬ್ಬರ್ ಕೊಳವೆಯ ಪಟ್ಟಿ ಸಡಿಲವಾಗಿದ್ದುದು ಕಂಡಿತು. ಅಲ್ಲಿಂದ ಬಿಳಿಯ ಗೆರೆಯೊಂದು ತಂತಿಯ ಮೇಲೆ ಹರಿದು ನೇರವಾಗಿ ಕೊಂಡಿಗೆ ಇಳಿದಿತ್ತು. ದಿನವೂ ಒಂದೆರಡು ಹನಿ ಸಾಬೂನಿನ ನೀರು. ಕೊಳವೆಬಾವಿಯ ಗಡಸುನೀರಿನ ಉಪ್ಪು ಅದಕ್ಕೆ ಸೇರಿತ್ತು. ಪಟ್ಟಿಯನ್ನು ಬಿಗಿದನು. ಸೆನ್ಸರಿನ ತಂತಿಯನ್ನು ಕೊಂಡಿಗಿಂತ ಕೆಳಗೆ ಜೋತುಬೀಳುವಂತೆ ಒಂದು ಕುಣಿಕೆಯಾಗಿ ಕಟ್ಟಿದನು. ಮುಂದೆ ಹನಿ ಬಿದ್ದರೂ ಅದು ಕುಣಿಕೆಯ ತಳದಿಂದ ನೆಲಕ್ಕೆ ತೊಟ್ಟಿಕ್ಕಬೇಕೇ ಹೊರತು ಕೊಂಡಿಗೆ ಏರಲಾರದು. ಸೆನ್ಸರನ್ನು ಹೊರತೆಗೆದು ಅದರ ಮೈಗೆ ಹತ್ತಿದ್ದ ಸುಣ್ಣದ ತೆಳುಪೊರೆಯನ್ನು ವಿನಿಗರಿನಲ್ಲಿ ನೆನೆಸಿ ತೆಗೆದನು. ಗಡಸುನೀರು ಕಾದಾಗ ಸುಣ್ಣ ಕೂರುವುದು ಸಹಜ. ಪೊರೆ ದಪ್ಪವಾದರೆ ಕಂಬಳಿ ಹೊದ್ದವನಂತೆ ಸೆನ್ಸರಿಗೆ ಬಿಸಿ ತಡವಾಗಿ ತಿಳಿಯುತ್ತದೆ.

ರಾತ್ರಿ ಒಂಬತ್ತಕ್ಕೆ ಹಾಸುಬಟ್ಟೆಗಳನ್ನು ತುಂಬಿ 60 ಡಿಗ್ರಿಗೆ ತಿರುಗಿಸಿದರು. ಗೃಹಿಣಿ ಮಣೆ ಹಾಕಿಕೊಂಡು ಯಂತ್ರದ ಮುಂದೆ ಕುಳಿತು ಗಾಜಿನ ಮೇಲೆ ಅಂಗೈ ಇಟ್ಟಿದ್ದರು. ಮುಕ್ಕಾಲು ಗಂಟೆಯ ಸುಮಾರಿಗೆ ಒಳಗೆ ‘ಟಿಕ್’ ಎಂದು ಸದ್ದಾಯಿತು, ಸುರುಳಿ ಆರಿತು. ಅಂಗೈಯನ್ನು ಹಿಂದಕ್ಕೆ ತೆಗೆಯಬೇಕಾಗಲಿಲ್ಲ. ‘ಈಗ ಸರಿ’ ಎಂದರು. ತರುಣ ಮೀಟರನ್ನು ಚೀಲಕ್ಕೆ ಹಾಕಿದ್ದು ಆ ಮಾತನ್ನು ಕೇಳಿದಮೇಲೆ.

ಅವನು ಹಣ ಮುಟ್ಟಲಿಲ್ಲ. ಎರಡು ಚಿಪ್ಪು ರಸಬಾಳೆ ಮಾತ್ರ ತೆಗೆದುಕೊಂಡನು. ಮೇಷ್ಟರು ಮರುದಿನ ಮೈಸೂರಿಗೆ ದೂರವಾಣಿ ಮಾಡಿ ಬೋರ್ಡು ಬೇಡವೆಂದರು, ಮತ್ತು ಏಕೆ ಬೇಡವೆಂಬುದನ್ನು ಮೆಕ್ಯಾನಿಕ್‌ಗೆ ಹತ್ತು ನಿಮಿಷ ಪಾಠ ಹೇಳಿದರು. ಕೇಳಿಸಿಕೊಂಡನೆಂಬುದು ಅವನ ಹೆಚ್ಚುಗಾರಿಕೆ. ತೋರಿಸಬೇಕಾದ ಅಂಕಿಗಳ ಪಟ್ಟಿಯೊಂದು, 25, 40, 60 ಡಿಗ್ರಿಗಳ ಮುಂದೆ ಓಮುಗಳನ್ನು ಬರೆದದ್ದು, ಯಂತ್ರದ ಬೆನ್ನ ತಗಡಿನ ಒಳಗಡೆ ಅಂಟಿಕೊಂಡಿದೆ. ಅದು ಗೃಹಿಣಿಯ ಅಕ್ಷರ.

ಒಗೆತ ಮುಗಿದ ಆ ರಾತ್ರಿ ಹಾಸುಬಟ್ಟೆಗಳನ್ನು ಹಜಾರದ ಹಗ್ಗದ ಮೇಲೆ ಹರವುತ್ತಿದ್ದಾಗ ಕೋಣೆಯೊಳಗಿನಿಂದ ಮುದುಕಿ ಕೂಗಿ, ಒಂದು ಲೋಟ ನೀರು ಕೊಡಿ ಎಂದರು. ಸೊಸೆ ತಂಬಿಗೆಯನ್ನೇ ತೆಗೆದುಕೊಂಡು ಹೋದರು.